ಹೊಸ್ತಿಲಾಚೆ ನಿಂತ ಅಧ್ಯಕ್ಷೆ

ಕೋಸಂಬರಿಗೆ ಕಾಯಿ ತುರಿಯುತ್ತಿದ್ದಾಗ ಫೋನು ಬಂತು. ಮುಂಬಯಿ ಪಕ್ಕದ ಡೊಂಬಿವ್ಲಿಯ ನಮ್ಮ ಮಹಿಳಾ ಭಜನಾ ಮಂಡಳಿಯ ಕಾರ್ಯದರ್ಶಿ, ನನ್ನ ಓರಗೆಯವಳು. ಅಂದು ನವರಾತ್ರಿಯ ಶುಕ್ರವಾರ. ಬಾಡಿಗೆ ಹಾಲ್‌ನಲ್ಲಿ ಸಾಮೂಹಿಕ ದೀಪಪೂಜೆ ಇತ್ತು.

"ನಿಮ್ಗೊಬ್ರಿಗೇ ಹೇಳ್ತಿದ್ದೇನೆ," ಎಂದಳು. "ಅಧ್ಯಕ್ಷರ ತಮ್ಮ ಊರಲ್ಲಿ ತೀರಿಕೊಂಡ್ರಂತೆ. ದಹನವೂ ಆಯ್ತಂತೆ. ಸೂತಕ ಇಟ್ಕೊಂಡು ಇವ್ರು ಪೂಜೆಗೆ ಬರ್ತಾರಂತೆ! ನೀವು ಮಡಿ-ಮೈಲಿಗೆ ನೋಡುವವರು. ನೋಡಿ ಮತ್ತೆ."

ನನ್ನ ಕೈ ನಿಂತಿತು. ನಡುವಿನ ದೊಡ್ಡ ದೀಪವನ್ನು ಪ್ರತಿವರ್ಷ ಅಧ್ಯಕ್ಷರೇ ಹಚ್ಚುವುದು. ಮನೆಯಿಂದ ತಂದ ನಮ್ಮ ದೀಪಗಳೆಲ್ಲ ಅದರಿಂದಲೇ ಉರಿ ಪಡೆಯಬೇಕು. ಸೂತಕದ ಕೈಯ ಉರಿ ನಮ್ಮೆಲ್ಲರ ದೇವರಕೋಣೆಗೆ ಹೋಗುವುದೇ? ಕುರ್ಚಿಯ ಆಸೆ ಇಷ್ಟು ದೊಡ್ಡದೇ?

ಹಾಲ್‌ಗೆ ಹೋದರೆ ಅಧ್ಯಕ್ಷರು ಆಗಲೇ ಬಂದಿದ್ದರು. ಹೊಸ್ತಿಲಿನ ಹೊರಗೆ, ಹಳೆಯ ನೂಲಿನ ಸೀರೆಯಲ್ಲಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತು, ಬಾಯಲ್ಲೇ ಎಲ್ಲ ಮಾಡಿಸುತ್ತಿದ್ದರು. "ಬಾಳೆಲೆ ಆಚೆ ಇಡಿ. ಆ ಬತ್ತಿ ಸಣ್ಣದಾಯ್ತು." ಯಾರೋ ಮಲ್ಲಿಗೆ ಕೊಡಲು ಬಂದರೆ ಹಿಂದೆ ಸರಿದರು. "ಶೀತ ಆಗಿದೆ ಮಾರಾಯ್ತಿ, ನಂಗೆ ಪರಿಮಳ ಆಗ್ಲಿಕ್ಕಿಲ್ಲ."

ಸುಳ್ಳು. ಇಷ್ಟು ಸಲೀಸಾಗಿ ಸುಳ್ಳು ಹೇಳುವವರು ಇನ್ನೇನು ಮಾಡಲಾರರು? ಕಣ್ಣೂ ಒಣಗಿಯೇ ಇತ್ತು. ಒಡಹುಟ್ಟಿದವನು ಹೋದ ಮುಖವೇ ಅದು? ಅವರ ಕೈಗಳ ಮೇಲೆಯೇ ನನ್ನ ಕಣ್ಣು.

ಅಷ್ಟರಲ್ಲಿ ನವಿ ಮುಂಬಯಿಯ ರಬಾಳೆಯಲ್ಲಿರುವ ಕಲಬುರಗಿ ಕಡೆಯ ಹೆಂಗಸರು ಬಂದರು. ಕಟ್ಟಡದ ಕೆಲಸದವರು. ಆ ವರ್ಷವೇ ಮೊದಲ ಸಲ ಅಧ್ಯಕ್ಷರು ಅವರನ್ನು ಕರೆದಿದ್ದರು. ಸಭೆಯಲ್ಲಿ ಬೇಡವೆಂದು ಹಟ ಹಿಡಿದವಳು ಕಾರ್ಯದರ್ಶಿ. ಆ ಹೆಂಗಸರು ಚಪ್ಪಲಿಗಳ ಹತ್ತಿರವೇ ನಿಂತರು.

"ನಾವು ಇಲ್ಲೇ ಹೊರಗ ಕುಂದರ್ತೀವಿ ಬಿಡ್ರಿ ಅಕ್ಕಾರ."

"ಹಾಂ, ಅಲ್ಲೇ ಒಳ್ಳೆ ಗಾಳಿ ಉಂಟು," ಎಂದಳು ಕಾರ್ಯದರ್ಶಿ.

"ಗಾಳಿ ಬೇಕಾದವರು ನೀವು ಬಂದು ಕೂತ್ಕೊಳ್ಳಿ," ಎಂದರು ಅಧ್ಯಕ್ಷರು. "ಇವ್ರಿಗೆ ಎದುರಿನ ಸಾಲು."

ಕಾರ್ಯದರ್ಶಿ ನನ್ನತ್ತ ನೋಡಿದಳು. ಬಾಯಿ ಬಿಡಿ ಎಂಬಂಥ ನೋಟ. ದೀಪದ ಹೊತ್ತು ಬರಲಿ ಎಂದು ನಾನು ಕಾದೆ.

"ಅಧ್ಯಕ್ಷರು ಬನ್ನಿ, ದೀಪ ಹಚ್ಚಿ," ಎಂದು ಭಟ್ಟರು ಕರೆದರು. ಅವರು ಒಂದು ಕಾಲು ಒಳಗಿಟ್ಟಿದ್ದರೂ ನಾನು ಕೂಗುತ್ತಿದ್ದೆ. ಅವರು ಇಡಲಿಲ್ಲ. "ಈ ವರ್ಷ ಹೊಸಬರು ಹಚ್ಲಿ," ಎಂದು ರಬಾಳೆಯ ಹಿರಿಯಾಕೆಯ ಕಡೆ ಗಲ್ಲ ಎತ್ತಿ ತೋರಿಸಿದರು.

"ನಾ ಏನ್ರೀ ಯವ್ವಾ?" ಆಕೆ ಸೆರಗಿಗೆ ಕೈ ಒರೆಸಿಕೊಂಡೇ ಒರೆಸಿಕೊಂಡಳು.

"ಹೂಂ, ನೀವೇ. ಎಣ್ಣೆ ಕಾಯ್ತಾ ಉಂಟು."

ಆಕೆ ಹಚ್ಚಿದ ದೀಪದಿಂದಲೇ ನಾವೆಲ್ಲ ಹಚ್ಚಿಕೊಂಡೆವು.

ಮಂಗಳಾರತಿಯಾದರೂ ಅಧ್ಯಕ್ಷರು ಪ್ರಸಾದ ಮುಟ್ಟಲಿಲ್ಲ, ಊಟಕ್ಕೂ ಕೂರಲಿಲ್ಲ. ಅವರು ನಿಂತಿದ್ದ ಮೆಟ್ಟಿಲ ಬಳಿಗೆ ಹೋದೆ.

"ಮುಟ್ಬೇಡಿ," ಎಂದರು. "ಬೆಳಗ್ಗಿಂದ ರೈಲಿನ ಟೀಸಿ ಹಾಗೆ ನೋಡ್ತಿದ್ರಿ. ಗೊತ್ತಾಗಿದೆ ಅಲ್ವಾ?"

"ಮತ್ತೆ ಯಾಕೆ ಬಂದ್ರಿ?"

"ನಾನು ಬಾರದಿದ್ರೆ ಅವ್ರನ್ನು ಎಲ್ಲಿ ಕೂರಿಸ್ತಿದ್ರು, ನೀವೇ ಕಂಡ್ರಲ್ಲ. ತಮ್ಮನ ಮುಖ ಹೇಗೂ ನಂಗೆ ಸಿಗ್ಲಿಲ್ಲ." ಸೆರಗನ್ನು ಬಾಯಿಗೆ ಒತ್ತಿಕೊಂಡರು. ನನಗೆ ಯಾರು ಹೇಳಿದ್ದೆಂದು ಮಾತ್ರ ಕೇಳಲಿಲ್ಲ.

ನನಗೊಬ್ಬಳಿಗೇ ಯಾಕೆ ಫೋನು ಬಂತೆಂದು ಆಗ ಯೋಚಿಸಿದೆ. ಗದ್ದಲ ನಾನು ಮಾಡಬೇಕಿತ್ತು, ಅಧ್ಯಕ್ಷರು ಹೊರಟುಹೋಗಬೇಕಿತ್ತು, ಆಮೇಲೆ ಹೊರಗೆ ಕೂರಬೇಕಾದವರು ರಬಾಳೆಯವರು. ದೇವರು ಅಷ್ಟು ಹೊತ್ತು ನನ್ನ ಬಾಯಿ ಹಿಡಿದದ್ದು ದೊಡ್ಡ ಕೃಪೆ. ಆ ಕಾರ್ಯದರ್ಶಿಯ ಮಾತನ್ನು ನಾನು ಮತ್ತೆಂದೂ ಪೂರ್ತಿ ನಂಬಲಿಲ್ಲ. ಸೂತಕದಲ್ಲಿ ಹೊಸ್ತಿಲವರೆಗಾದರೂ ಬರಬಹುದೇ ಎಂದು ಭಟ್ಟರನ್ನು ಕೇಳಿಯೂ ಇಲ್ಲ. ಆಗದು ಎಂದುಬಿಟ್ಟರೆ ಎಂಬ ಹೆದರಿಕೆ.

"ಸಂಜೆ ಕಲ್ಯಾಣದಿಂದ ಊರಿಗೆ ಬಸ್ಸು," ಎಂದರು ಅಧ್ಯಕ್ಷರು.

"ಬುತ್ತಿ ಕಟ್ಟಿ ಕೊಡ್ತೇನೆ."

"ಪಲ್ಯಕ್ಕೆ ರಸ ಬೇಡ, ಚೆಲ್ತದೆ."

ಮನೆಗೆ ಬಂದು ಸೀರೆ ಬದಲಾಯಿಸಿ, ಚಪಾತಿ ಹಿಟ್ಟಿಗೆ ಬಿಸಿನೀರು ಹಾಕಿ ಕಲಸತೊಡಗಿದೆ. ಹಾಗೆ ಕಲಸಿದರೆ ಬೆಳಗಿನವರೆಗೂ ಮೆತ್ತಗಿರುತ್ತದೆ.