ಕುರಿಗಳ ನಡುವೆ ಓದಿದ ಪಾಠ

ಶಾಲೆಯಲ್ಲಿ ಮೊಬೈಲ್ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಡಿಭಾಗದ ಕರೋಶಿ ಹತ್ತಿರದ ಆ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಅರ್ಧ ಮಕ್ಕಳ ಮನೆಮಾತು ಮರಾಠಿ. ಅವರಿಗೆ ಕನ್ನಡ ಬರಬೇಕಾದರೆ ಎದುರಿಗೆ ಮಾಸ್ತರ ಇರಬೇಕು, ಒಂದಿಷ್ಟು ಅಂಜಿಕೆಯೂ ಇರಬೇಕು ಎಂದು ನಂಬಿದವನು ನಾನು. ಮಗು ಓದುವಾಗ ತಡವರಿಸಿದರೆ ಅದರ ಧಾಟಿಯಲ್ಲೇ ಅಣಕಿಸಿ ತೋರಿಸುತ್ತಿದ್ದೆ. ತರಗತಿ ಗೊಳ್ಳೆಂದು ನಗುತ್ತಿತ್ತು. ನನ್ನ ಮಾಸ್ತರರೂ ನನಗೆ ಹಾಗೇ ಕಲಿಸಿದ್ದರು.

ನಾಲ್ಕನೆಯ ತರಗತಿಯಲ್ಲಿ ಕುರಿ ಸಾಕುವ ಮನೆಯ ಹುಡುಗಿಯೊಬ್ಬಳಿದ್ದಳು. ಸುಗ್ಗಿ ಮುಗಿದೊಡನೆ ಅವರ ಮನೆಯವರೆಲ್ಲ ಕುಡಚಿ ಕಡೆಯ ಹೊಳೆದಂಡೆಗೆ ಹೋಗಿ, ಗೊಬ್ಬರ ಬೇಕೆಂದವರ ಹೊಲಗಳಲ್ಲಿ ಕುರಿ ನಿಲ್ಲಿಸುತ್ತ ತಿಂಗಳುಗಟ್ಟಲೆ ಅಲ್ಲೇ ಇರುತ್ತಿದ್ದರು. ಆ ವರ್ಷ ಮಗಳನ್ನೂ ಕರೆದೊಯ್ಯಲು ಬಂದ ತಂದೆ ಖಡಾಖಂಡಿತವಾಗಿ ಹೇಳಿದ:

"ಬ್ಯಾಸಗಿಗೆ ಬರ್ತೇನ್ರಿ ಸರ್. ಅಷ್ಟರಾಗ ಓದಾಕ ಬಂದ್ರ ಅವರಜ್ಜಿ ಕಡೆ ಬಿಟ್ಟು ಸಾಲಿಗೆ ಕಳಸ್ತೇನಿ. ಇಲ್ಲಾಂದ್ರ ಸಾಲಿ ಬ್ಯಾಡ, ಕುರಿ ಹಿಂದ ಇರ್ಲಿ."

ಶಾಲೆಗೆ ಹೊಸದಾಗಿ ಬಂದಿದ್ದ ಶಿಕ್ಷಕಿ, ಎಲ್ಲರ ಬಾಯಲ್ಲಿ ಅಕ್ಕೋರು, ಇದನ್ನು ಕೇಳಿಸಿಕೊಂಡರು. ಮರುದಿನದಿಂದಲೇ ಹುಡುಗಿಯ ತಾಯಿಯ ಮೊಬೈಲಿಗೆ ತಮ್ಮ ದನಿಯಲ್ಲಿ ಪಾಠ ಓದಿ ಕಳಿಸತೊಡಗಿದರು. ಹುಡುಗಿಯೂ ಅದನ್ನು ತನ್ನ ದನಿಯಲ್ಲಿ ಓದಿ ತಿರುಗಿ ಕಳಿಸಬೇಕು.

"ಕುರಿಗೋಳಿಗೂ ಕನ್ನಡಾ ಕಲಸಾಕತ್ತೀರೇನ್ರಿ?" ಎಂದು ಚೇಷ್ಟೆ ಮಾಡಿದೆ.

"ಕಲೀಲಿ ಬಿಡ್ರಿ ಸರ್. ಹುಡುಗಿ ಬಾಯಿ ಬಿಟ್ರ ಸಾಕು" ಎಂದರು.

ಆ ಮಾತು ನನ್ನನ್ನು ಕೂತಲ್ಲಿ ಕೂರಗೊಡಲಿಲ್ಲ. ಪಾಠ ಅರ್ಧಕ್ಕೆ ಬಿಟ್ಟು ಪಡಸಾಲೆಗೆ ಬರುವೆ, ಅಕ್ಕೋರ ಕೋಣೆಯತ್ತ ಇಣುಕುವೆ, ಮತ್ತೆ ಒಳಗೆ ಹೋಗುವೆ. ಅವರು ಮೊಬೈಲ್ ಕಿವಿಗೆ ಹಿಡಿದಿದ್ದರೆ ಸಿಟ್ಟು. ಹಿಡಿಯದಿದ್ದರೆ ಇವತ್ತು ಹುಡುಗಿ ಓದಲಿಲ್ಲವೇನೋ ಎಂಬ ಕಸಿವಿಸಿ. ಹೇಗೆ ಓದುತ್ತಾಳೆ ಎಂದು ಒಮ್ಮೆ ಕೇಳಬಹುದಿತ್ತು. ಸೊಕ್ಕು ಬಿಡಲಿಲ್ಲ.

ಬೇಸಗೆ ರಜೆಗೆ ನಾಲ್ಕು ದಿನವಿರುವಾಗ ತಂದೆ ಮಗಳೊಂದಿಗೆ ಬಂದ. ನಾನು ಪುಸ್ತಕದಲ್ಲಿ ಒಂದು ಪಾಠ ತೆಗೆದು ಅವಳ ಕೈಗಿತ್ತು ಓದಲು ಹೇಳಿದೆ. ಅವಳು ತಲೆ ತಗ್ಗಿಸಿ ನಿಂತಳು. "ಓದ ಬೇ" ಎಂದು ಮತ್ತೆ ಮತ್ತೆ ಗದರಿದರೂ ಒಂದಕ್ಷರ ಹೊರಬರಲಿಲ್ಲ. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು.

"ಬರೂದಿಲ್ರಿ ಈಕಿಗೆ. ಮೊಬೈಲ್ ಕಲಸೂದು ಇಷ್ಟೇ ನೋಡ್ರಿ" ಎಂದೆ.

ತಂದೆ ಮಗಳ ಕೈ ಹಿಡಿದು ಹೊರಟ. ಅಕ್ಕೋರು ಬಾಗಿಲಿಗೆ ಅಡ್ಡ ನಿಂತು ಮೊಬೈಲ್ ತೆಗೆದರು. "ಬ್ಯಾಡ್ರಿ ಅಕ್ಕೋರ" ಎಂದು ಹುಡುಗಿ ಅವರ ಸೆರಗು ಜಗ್ಗಿದಳು. ಅವರು ಕೇಳಲಿಲ್ಲ, ಅವಳು ಓದಿ ಕಳಿಸಿದ್ದನ್ನು ಹಚ್ಚಿಯೇಬಿಟ್ಟರು.

ಕುರಿಗಳ ಅರಚಾಟದ ನಡುವೆ ಅದೇ ಪಾಠ, ಅವಳದೇ ದನಿ. ತಡವರಿಸಿದಲ್ಲಿ ತಾನೇ ನಿಂತು, ಮತ್ತೆ ಮೊದಲಿನಿಂದ ಓದಿ, ಸಲೀಸಾಗಿ ಮುಂದೆ ಹೋಗುತ್ತಿದ್ದಳು. ಅವಳು ಓದುತ್ತಿದ್ದುದು ಅವ್ವನೊಬ್ಬಳ ಮುಂದೆಯಂತೆ; ಮಗಳ ಓದನ್ನು ಮೊದಲ ಸಲ ಕೇಳುತ್ತಿದ್ದ ತಂದೆ ಬಾಗಿ ಮೊಬೈಲಿಗೆ ಕಿವಿಗೊಟ್ಟ. ಪಾಠ ಮುಗಿಯಿತು. ಆಮೇಲೆ ದನಿ ತಗ್ಗಿತು:

"ಅಕ್ಕೋರ, ಇದನ್ನ ಸರ್‌ಗೆ ಕೇಳಸಬ್ಯಾಡ್ರಿ. ನನ್ನಂಗ ಮಾಡಿ ತೋರಸ್ತಾರ. ಎಲ್ಲಾರೂ ನಗತಾರ."

ನಾಚಿಕೆಯಿಂದ ಹಿಡಿಯಷ್ಟಾದೆ.

"ಬಿಟ್ಟ ಹೋಗ್ರಿ. ಓದಾಕ ಬರತೈತಿ" ಎಂದೆ.

ತಂದೆ ನನ್ನ ಕಡೆ ತಿರುಗಲೂ ಇಲ್ಲ.

"ಅಕ್ಕೋರ, ನೀವ ಕಲಸೂದಿದ್ರ ಬಿಟ್ಟ ಹೊಕ್ಕೇನ್ರಿ" ಎಂದ.