ಕಸ್ತೂರಿಯ ಗಂಡುವೇಷ

ಕಳೆದ ವಾರ ಬೆಳಿಗ್ಗೆ ಅಂಗಡಿಗೆ ಹೊರಟವನಿಗೆ ಮಗಳ ಕೋಣೆಯಿಂದ ಒಂದು ವಾಸನೆ ಬಂತು. ನಾಟಕದವರು ಮೀಸೆ ಅಂಟಿಸುವ ಗೋಂದಿನದು. ಇಣುಕಿದರೆ, ಕಾಲೇಜಿಗೆ ಹೋಗುವ ಮಗಳು ಕನ್ನಡಿಯ ಮುಂದೆ ಮೀಸೆ ಹಚ್ಚಿಕೊಂಡು ನಿಂತಿದ್ದಾಳೆ.

"ಅಪ್ಪಾ, ಕಾಲೇಜ ಗ್ಯಾದರಿಂಗಿನ್ಯಾಗ ನಂದು ರಾಜನ ಪಾರ್ಟು. ಕಸ್ತೂರಕ್ಕ ಕಲಿಸಾಕತ್ತಾರ," ಅಂದಳು.

ಆ ಹೆಸರು ಕೇಳಿದ್ದೇ ತಡ, ಹೊಟ್ಟೆಯೊಳಗೆ ಹಳೆಯ ಕಿಚ್ಚು ಹೊತ್ತಿಕೊಂಡಿತು.

ನಿಮ್ಮ ಹತ್ತಿರ ಮುಚ್ಚಿಡುವುದೇನು? ಬೈಲಹೊಂಗಲದಲ್ಲಿ ಬೀಜ, ಗೊಬ್ಬರ ಮಾರುವ ನಾನು ಒಂದು ಕಾಲಕ್ಕೆ ನಮ್ಮ ನಾಟಕ ತಂಡದ ಹೀರೋ. ಕಸ್ತೂರಿ ನಮ್ಮ ವೇಷದ ಬಟ್ಟೆ ಹೊಲಿಯುತ್ತಿದ್ದ ಹುಡುಗಿ. ನನಗೆ ಜ್ವರ ಬಂದಾಗ ತಾಲೀಮಿನಲ್ಲಿ ನನ್ನ ಜಾಗಕ್ಕೆ ಸುಮ್ಮನೆ ಆಕೆಯನ್ನು ನಿಲ್ಲಿಸಿದ್ದರು. ನಾನು ಗುಣವಾಗಿ ಬಂದರೆ ನಾಟಕದ ಮಾಸ್ತರು, "ಈ ಸಲ ನೀವು ವಿಲನ್ ಮಾಡ್ರಿ. ಹೆಂಗೂ ದನಿ ಒಡದೈತಿ," ಅಂದುಬಿಟ್ಟರು.

ಮೊದಲ ಪ್ರಯೋಗ ನೇಸರಗಿಯಲ್ಲಿ. ಧೋತರದ ಚುಂಗು ಹಿಡಿದು, ಮೀಸೆ ತಿರುವುತ್ತ ಆಕೆ ರಾಜನಾಗಿ ರಂಗಕ್ಕೆ ಬಂದಳು. ಸಿಳ್ಳೆಯೋ ಸಿಳ್ಳೆ! ಮುಂದೆಯೇ ಕೂತಿದ್ದ ನಮ್ಮವ್ವ ಆಮೇಲೆ, "ಏನ ನಡಿಗಿಪಾ ಆಕಿದು! ನೀ ಒಂದಿನರ ಹಂಗ ನಡದೀಯೇನು?" ಎಂದು ನನ್ನನ್ನೇ ಕೇಳಿದಳು. ಮರುದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಗೊಬ್ಬರದ ಚೀಲಗಳ ನಡುವೆ ಆಕೆಯ ಹಾಗೆ ನಡೆದು ನೋಡಿದೆ. ಒಳಬಂದ ರೈತನೊಬ್ಬ, "ಕಾಲಿಗೆ ಏನಾತ್ರಿ ಸಾವಕಾರ್ರ?" ಅಂದ.

ರಂಗದಿಂದ ಇಳಿದ ಕಸ್ತೂರಿಗೆ ಮಾತ್ರ ಸಿಳ್ಳೆಗಳು ಬೇರೆ ಥರ ಬೆನ್ನು ಹತ್ತಿದವು. ಬಸ್ಸಿನಲ್ಲಿ ಗಂಡಸರ ಸೀಟು ತೋರಿಸಿ ನಗುತ್ತಿದ್ದರು. ಜಂಪರ್ ಹೊಲಿಸುವ ಹೆಂಗಸರು ಆಕೆಗೆ ಅಳತೆ ಕೊಡಲು ಹಿಂಜರಿದರು. ನೋಡಲು ಬಂದ ವರ, ವೇಷದ ಸುದ್ದಿ ಕಿವಿಗೆ ಬಿದ್ದೊಡನೆ ಅವಲಕ್ಕಿಯ ತಾಟು ಬಿಟ್ಟೆದ್ದ. ಎಲ್ಲ ನನಗೆ ಗೊತ್ತಿತ್ತು. ಆದರೂ ನನ್ನನ್ನು ಕಾಡುತ್ತಿದ್ದದ್ದು ಆಕೆಗೆ ಬೀಳುವ ಚಪ್ಪಾಳೆ ಮಾತ್ರ.

ರಾಮದುರ್ಗದಲ್ಲಿ ನಾಟಕ ನಡೆಯುತ್ತಿದ್ದಾಗ ಆಕೆಯ ಅಣ್ಣ ನೇರ ರಂಗಕ್ಕೇ ಹತ್ತಿದ. "ಮನಿ ಮರ್ಯಾದಿ ಕಳದಿ, ನಡಿ ಮನಿಗೆ!" ಎಂದು ಮೀಸೆಗೆ ಕೈ ಹಾಕಿ ಕಿತ್ತ. ಮೇಲ್ದುಟಿಯಲ್ಲಿ ರಕ್ತ ಜಿನುಗಿತು. ಎದುರಿಗೆ ಕತ್ತಿ ಹಿಡಿದು ನಿಂತಿದ್ದ ವಿಲನ್ ನಾನೇ. ಒಂದು ಹೆಜ್ಜೆ ಹಿಂದೆ ಸರಿದೆ.

"ಅಣ್ಣಾ, ಸೀನ್ ಮುಗೀಲಿ. ಅಲ್ಲಿ ಕುಂದರು," ಅಂದಳು ಕಸ್ತೂರಿ, ರಾಜನ ದನಿಯಲ್ಲೇ.

ನನ್ನತ್ತ ತಿರುಗಿ, ಮಾತು ಎಲ್ಲಿ ತುಂಡಾಗಿತ್ತೋ ಅಲ್ಲಿಂದಲೇ ಎತ್ತಿಕೊಂಡಳು. ಮೀಸೆಯಿಲ್ಲದ ಆ ಮುಖದಲ್ಲಿ ರಾಜ ಹಾಗೇ ಇದ್ದ. ನಂಬುತ್ತೀರೋ ಇಲ್ಲವೋ, ಆಗಲೂ ನನಗೆ ಮರುಕಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಆಕೆಯ ಜಾಗದಲ್ಲಿದ್ದರೆ ನಾನು ಪರದೆಯ ಹಿಂದೆ ಓಡುತ್ತಿದ್ದೆ. ಅಣ್ಣ ಕೂರಲಿಲ್ಲ, ಹೊರಟುಹೋದ. ಮತ್ತೆಂದೂ ಆಕೆಯನ್ನು ಮನೆಗೆ ಸೇರಿಸಲೂ ಇಲ್ಲ.

ಮೊನ್ನೆ ಮಗಳನ್ನು ತಾಲೀಮಿಗೆ ಬಿಡಲು ಕಸ್ತೂರಿಯ ಬಾಡಿಗೆ ಮನೆಗೆ ಹೋದೆ. ಚಹಾ ಕೊಟ್ಟು ಎದುರಿಗೆ ಕೂತಳು.

"ಅಣ್ಣಾರ, ಒಂದ ಮಾತ ಹೇಳ್ಲೇನ್ರಿ? ಆವಾಗ ನಿಮ್ಮನ್ನ ಕಂಡ್ರ ನನಗ ಭಾಳ ಹೊಟ್ಟಿಕಿಚ್ಚಿತ್ರಿ."

"ನನ್ನ ಕಂಡ್ರ?"

"ನಾಟಕ ಮುಗದ ಮ್ಯಾಲ ನೀವು ಮಾರಿ ತೊಳಕೊಂಡು ಸೀದಾ ಮನಿಗೆ ಹೋಗತಿದ್ರಿ. ಯಾರೂ ಏನೂ ಕೇಳತಿರಲಿಲ್ಲ."

ಚಹಾದ ಕಪ್ಪು ಕೆಳಗಿಟ್ಟು ಹೊರಗೆ ನೋಡಿದೆ. ಅಂಗಳದಲ್ಲಿ ಮಗಳು ಎದೆ ಸೆಟೆಸಿ ನಡೆಯುತ್ತಿದ್ದಳು. ರಸ್ತೆಯಲ್ಲಿ ಹೊರಟಿದ್ದ ಇಬ್ಬರು ನಿಂತು ಕಿಸಕ್ಕನೆ ನಕ್ಕರು. ಅವಳ ಹೆಜ್ಜೆ ತಡವರಿಸಿತು.

"ನಡಿಯವಾ, ನಿಂದರಬ್ಯಾಡ," ಎಂದು ಅವರಿಗೂ ಕೇಳುವಂತೆ ಕೂಗಿದೆ. ಅವರು ಹೋಗುವವರೆಗೂ ಅಂಗಳದ ಬಾಗಿಲಲ್ಲೇ ನಿಂತಿದ್ದೆ.

ಹೊರಡುವಾಗ ಕಸ್ತೂರಿಗೆ, "ಗ್ಯಾದರಿಂಗ್ ಮುಗಿಸಿ ಸೀದಾ ನಮ್ಮನಿಗೆ ಊಟಕ್ಕ ಬಾರವಾ," ಅಂದೆ.

ಆಕೆ ನಕ್ಕಳು. "ಹೆಂಗ ಬರ್ಲಿರಿ, ಸೀರ್ಯಾಗೋ, ಧೋತರದಾಗೋ?"

ಧೋತರದಲ್ಲಿ ಬಂದರೆ ನನ್ನ ಮನೆಯಲ್ಲೇ ನನ್ನತ್ತ ಯಾರೂ ನೋಡುವುದಿಲ್ಲವೆಂದು ಗೊತ್ತಿತ್ತು. ಆದರೂ ಅಂದೆ:

"ನಿನಗ ಹೆಂಗ ಬೇಕ ಹಂಗ ಬಾ."