ನಾನು ಟೈಪ್ ಮಾಡಿದ ನಾಲ್ಕು ಚೀಟಿಗಳು

ಟಕ್ ಎಂದು ಒಂದು ಸದ್ದು, ಅದರ ಹಿಂದೆಯೇ ಗಾಜಿನ ಮೇಲೆ ರಬ್ಬರ್ ಉಜ್ಜುವ ಕಿರ್ ಕಿರ್. ನಮ್ಮ ಹಳೆಯ ಅಂಬಾಸಿಡರ್ ಕಾರಿನ ವೈಪರ್ ನಾಬ್ ಎಳೆದಾಗ ಬರುತ್ತಿದ್ದ ಸದ್ದು ಅದು. 1977ರ ಮೇ ತಿಂಗಳವರೆಗೆ ನಾನು ಅದನ್ನು ಗಮನವಿಟ್ಟು ಕೇಳಿದ್ದೇ ಇಲ್ಲ. ಆಮೇಲೆ ಇಷ್ಟು ವರ್ಷ ಮರೆಯಲಿಕ್ಕೂ ಆಗಲಿಲ್ಲ.

ಕಳೆದ ತಿಂಗಳು ಅಕ್ಕನ ಮಗಳು ಶರ್ಮಿಳಾ ತನ್ನ ಹೊಸ ಕಾರಿನಲ್ಲಿ ನನ್ನನ್ನು ಪಡುಬಿದ್ರಿಯವರೆಗೆ ಕರೆದುಕೊಂಡು ಹೋದಳು. ಆ ಕಾರಿನಲ್ಲಿ ತಿರುಗಿಸಲಿಕ್ಕೆ, ಎಳೆಯಲಿಕ್ಕೆ ಏನೂ ಇಲ್ಲ. ನಡುವೆ ಟಿವಿಯ ಹಾಗೆ ಒಂದು ಸ್ಕ್ರೀನ್, ಎಲ್ಲವೂ ಅದರೊಳಗೆ. "ಏಸಿ ಸ್ವಲ್ಪ ಕಡಿಮೆ ಮಾಡು, ಮೊಣಕಾಲು ಹಿಡಿಯುತ್ತದೆ" ಎಂದೆ. ಅವಳು ಸ್ಕ್ರೀನ್ ಮುಟ್ಟಿದಳು, ಹಾಡು ಬಂತು. ಮತ್ತೆ ಮುಟ್ಟಿದಳು, ಮ್ಯಾಪ್ ಬಂತು. ಮುಂದೆ ಮೀನಿನ ಲಾರಿ ಬ್ರೇಕ್ ಹಾಕುತ್ತಿತ್ತು.

"ರಸ್ತೆ ನೋಡು ಮಗಾ."

"ವನ್ ಸೆಕೆಂಡ್, ಆಂಟಿ."

ಲಾರಿಗೆ ತಾಗಲಿಲ್ಲ. ಅವಳನ್ನು ಬೈಯುವಷ್ಟು ಎನರ್ಜಿ ನನಗೀಗ ಇಲ್ಲ. ಬೈಯುವ ಹಕ್ಕೂ ಇಲ್ಲ. ಅಂಥದೇ ಒಂದು ಸೆಕೆಂಡ್ ಏನು ಮಾಡಬಲ್ಲದು ಎಂದು ನನಗೆ ಗೊತ್ತು, ಮತ್ತು ಆ ಸೆಕೆಂಡನ್ನು ತಂದಿಟ್ಟವಳು ನಾನೇ.

ಪಪ್ಪಾ ಉಡುಪಿಯಲ್ಲಿ ವಕೀಲರಾಗಿದ್ದರು. ನಾನು ಮಣಿಪಾಲದ ಒಂದು ಆಫೀಸಿನಲ್ಲಿ ಟೈಪಿಸ್ಟ್. ನಮ್ಮ ಡ್ರೈವರ್ ಸಂಜೀವಣ್ಣ ಕಾಪುವಿನವರು. ಬೆಳಿಗ್ಗೆ ಬಸ್ಸಿನಲ್ಲಿ ಬಂದು, ಕಾರು ಒರೆಸಿ, ಪಪ್ಪಾನನ್ನು ಕೋರ್ಟಿಗೆ ಬಿಟ್ಟು, ಸಂಜೆ ಅದೇ ಬಸ್ಸಿನಲ್ಲಿ ಹಿಂದೆ ಹೋಗುವವರು. ಹನ್ನೆರಡು ವರ್ಷ ಹೀಗೇ. ಒಂದು ಬೇಲಿಗೆ ಸಹ ಕಾರು ತಾಗಿಸಿದವರಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಸಾಲಾಗಿ ನಾಲ್ಕು ಕಪ್ಪು ನಾಬ್‌ಗಳಿದ್ದವು: ಲೈಟ್, ವೈಪರ್, ತಣ್ಣಗಿನ ಇಂಜಿನ್ನಿಗೆ ಪೆಟ್ರೋಲ್ ಹೆಚ್ಚಿಸುವ ಚೋಕ್, ಸ್ಟಾರ್ಟರ್. ಎಲ್ಲ ಒಂದೇ ಅಳತೆ, ಮೇಲಿನ ಅಕ್ಷರ ನಾವು ಕಾರು ಕೊಳ್ಳುವ ಮೊದಲೇ ಅಳಿಸಿ ಹೋಗಿತ್ತು. ಸಂಜೀವಣ್ಣ ಅವುಗಳಿಗೆ ತಮ್ಮದೇ ಅಂಗಿ ತೊಡಿಸಿದ್ದರು. ಲೈಟಿಗೆ ಸೈಕಲ್ ಟ್ಯೂಬಿನ ತುಂಡು. ವೈಪರಿಗೆ ಮೀನಿನ ಬಲೆಯ ಹುರಿ, ಹೆಂಡತಿಯ ತವರು ಎರ್ಮಾಳಿನಿಂದ ತಂದದ್ದು. ಚೋಕಿಗೆ ಹೆಂಡತಿ ಬೀಡಿ ಕಟ್ಟುವ ನೂಲು, ನುಣ್ಣಗೆ ಸುತ್ತಿ ಸುತ್ತಿ ದಪ್ಪ ಮಾಡಿದ್ದು. ಸ್ಟಾರ್ಟರಿಗೆ ಏನೂ ಇಲ್ಲ.

"ಇದೆಂತ ಸಂಜೀವಣ್ಣ, ಕಾರಿಗೆ ಗಾಯ ಆಗಿದೆಯಾ?" ಎಂದು ನಾನೊಮ್ಮೆ ತಮಾಷೆ ಮಾಡಿದ್ದೆ.

"ಗಾಯ ಆಗದ ಹಾಗೆ ಕಟ್ಟಿದ್ದು ಬಾಯಮ್ಮ" ಎಂದಿದ್ದರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದು, ಗಂಡಸರನ್ನು ಪೊರ್ಬುಲು ಎನ್ನುವುದು. "ನನ್ನ ಕಣ್ಣು ಇಲ್ಲಿ ಬಂದು ಕೂತರೆ ರಸ್ತೆ ಯಾರು ನೋಡುದು? ನೀವು ನೋಡ್ತೀರಾ?"

ನಾನು ನಕ್ಕಿದ್ದೆ. ಮಾತು ಕಿವಿಗೆ ಹೋಯಿತು, ತಲೆಗೆ ಹೋಗಲಿಲ್ಲ.

ಆ ಮೇ ತಿಂಗಳಲ್ಲಿ ಗ್ಲ್ಯಾಡಿಸ್ ಅಕ್ಕನ ಮದುವೆ. ಹುಡುಗ ಕಾರ್ಕಳದವನು, ಮದುವೆಯ ಚರ್ಚು, ನಮ್ಮ ಮಾತಿನಲ್ಲಿ ಇಗರ್ಜಿ, ಅದೂ ಅಲ್ಲಿಯದೇ. ಮದುವೆಯ ಹಿಂದಿನ ದಿನ ನಮ್ಮಲ್ಲಿ ರೋಸ್ ಎಂದು ಮಾಡುತ್ತೇವೆ, ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವುದು. ಮನೆ ತುಂಬ ನೆಂಟರು. ಮದುಮಗಳ ಕಾರಿನ ಡೆಕೊರೇಶನ್ ನನ್ನ ಪಾಲಿಗೆ ಬಂದಿತ್ತು. ಸಂಜೀವಣ್ಣ ಅಂಗಳಕ್ಕೆ ಚಪ್ಪರದ ಸಾಮಾನು ತಂದು ಹಾಕಿ ಬೇಗ ಊರಿಗೆ ಹೋಗಿದ್ದರು.

ನಾನು ಕಲಿತದ್ದು ಕಾನ್ವೆಂಟಿನಲ್ಲಿ. ನಮ್ಮ ಸಿಸ್ಟರ್‌ಗಳಿಗೆ ದೇವರ ನಂತರ ನೀಟ್‌ನೆಸ್. ಕಪಾಟಿಗೆ ಲೇಬಲ್, ಡೆಸ್ಕಿಗೆ ಲೇಬಲ್, ಊಟದ ಡಬ್ಬಿಗೂ ಲೇಬಲ್. ಸೀಟಿಗೆ ಬಿಳಿ ಬಟ್ಟೆ ಹಾಸಿ, ರಿಬ್ಬನ್ ಕಟ್ಟಿ, ಕೊನೆಗೆ ಡ್ಯಾಶ್‌ಬೋರ್ಡ್ ನೋಡಿದರೆ ಈ ಚಿಂದಿಗಳು. ಬಲೆಯ ಹುರಿಗೆ ಸಣ್ಣ ಮೀನಿನ ವಾಸನೆ ಬೇರೆ. ಅದು ಅಕ್ಕನ ಗೌನಿಗೂ ಹತ್ತಿದರೆ ಎಂದು ಅನಿಸಿತು. ಬ್ಲೇಡ್ ತಂದು ಮೂರನ್ನೂ ಕತ್ತರಿಸಿ ತೆಗೆದೆ. ಸೀಮೆಎಣ್ಣೆಯಿಂದ ಉಜ್ಜಿ ನಾಬ್‌ಗಳನ್ನು ಹೊಳೆಯಿಸಿದೆ. ಪಪ್ಪಾನ ಟೈಪ್‌ರೈಟರಿನಲ್ಲಿ ಕ್ಯಾಪಿಟಲ್ ಅಕ್ಷರಗಳಲ್ಲಿ ನಾಲ್ಕು ಚೀಟಿ ಹೊಡೆದು, ಗೋಂದು ಹಚ್ಚಿ, ಒಂದೊಂದರ ಕೆಳಗೂ ಅಂಟಿಸಿದೆ.

"ಈಗ ನಾಲ್ಕು ಜನ ನೋಡುವ ಹಾಗೆ ಉಂಟು" ಎಂದರು ಮಮ್ಮಿ.

ಬೆಳಿಗ್ಗೆ ಸಂಜೀವಣ್ಣ ಬರುವಾಗ ಎಲ್ಲರಿಗೂ ಗಡಿಬಿಡಿ. ಅವರು ಸೀಟಿನಲ್ಲಿ ಕೂತು, ಕೈ ಚಾಚಿ, ಚಾಚಿದ ಕೈಯನ್ನು ಹಾಗೇ ನಿಲ್ಲಿಸಿದರು. ನಾನು ಕಿಟಕಿಯಿಂದ ಬಗ್ಗಿ ಹೆಮ್ಮೆಯಿಂದ ಓದಿ ತೋರಿಸಿದೆ, ಲೈಟ್, ವೈಪರ್, ಚೋಕ್, ಸ್ಟಾರ್ಟರ್. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ.

"ಹೇಗುಂಟು?"

"ಚಂದ ಉಂಟು ಬಾಯಮ್ಮ" ಎಂದರು.

ಪಪ್ಪಾ ಮುಂದೆ ಕೂತರು. ಹಿಂದೆ ಗ್ಲ್ಯಾಡಿಸ್ ಅಕ್ಕ, ಮಮ್ಮಿ, ನಾನು. ಮಣಿಪಾಲ ದಾಟುವವರೆಗೆ ಬಿಸಿಲಿತ್ತು. ಅರ್ಧ ದಾರಿ ಕಳೆದ ಮೇಲೆ ಒಂದು ಇಳಿಜಾರಿನ ತಿರುವಿನಲ್ಲಿ ಮೋಡ ಕವಿದು, ಒಮ್ಮೆಲೇ ಮಳೆ ಬಡಿಯಿತು. ಮುಂಗಾರಿನ ಮೊದಲು ಬರುತ್ತದಲ್ಲ, ಆ ಹುಚ್ಚು ಮಳೆ. ಗಾಜಿಗೆ ಬಿಳಿ ಪರದೆ ಎಳೆದ ಹಾಗಾಯಿತು.

ಸಂಜೀವಣ್ಣನ ಎಡಗೈ ಹೋಯಿತು. ಒಂದು ನಾಬ್ ಎಳೆದರು, ಅದು ಲೈಟ್. ಇನ್ನೊಂದು ಎಳೆದರು, ಅದು ಚೋಕ್, ಇಂಜಿನ್ ಸುಮ್ಮನೆ ಬೊಬ್ಬೆ ಹೊಡೆಯಿತು. ಹನ್ನೆರಡು ವರ್ಷ ಆ ಕೈ ಯಾವ ನಾಬ್ ಎಷ್ಟನೆಯದು ಎಂದು ಎಣಿಸಿದ್ದೇ ಇಲ್ಲ. ಅದು ಹುಡುಕುತ್ತಿದ್ದದ್ದು ಹುರಿಯನ್ನು, ಹುರಿ ಇರಲಿಲ್ಲ. ಆಗ ಅವರು ಕಣ್ಣು ಕೆಳಗೆ ಮಾಡಿದರು. ಒಂದೇ ಸೆಕೆಂಡ್. ನಾನು ಹಿಂದಿನಿಂದ ನೋಡುತ್ತಿದ್ದೆ, ಅವರ ಕುತ್ತಿಗೆ ಬಾಗಿದ್ದು ನನಗೆ ಕಾಣಿಸಿತು.

ಟಕ್ ಎಂದಿತು, ವೈಪರ್ ಕಿರ್ ಕಿರ್ ಎಂದು ಗಾಜು ಒರೆಸಿತು. ಅವರು ತಲೆ ಎತ್ತುವಾಗ ಎದುರಿನಲ್ಲಿ ಬಸ್ಸು.

ಅವರು ಕಾರನ್ನು ಎಡಕ್ಕೆ ಎಳೆದರು. ಬಸ್ಸು ಬಲಗಡೆಯ ಬಾಗಿಲನ್ನು ಕೆರೆದುಕೊಂಡೇ ಹೋಯಿತು. ನಮ್ಮ ಕಾರು ಚರಂಡಿಗೆ ಇಳಿದು ಬದಿಯ ಕೆಂಪು ಮುರಕಲ್ಲಿನ ದಿಬ್ಬಕ್ಕೆ ಗುದ್ದಿ ನಿಂತಿತು. ಅಕ್ಕನ ಹಣೆ ಮುಂದಿನ ಸೀಟಿಗೆ ಬಡಿದು ರಕ್ತ ಬಂತು, ವೇಲ್ ಹರಿಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ.

ಬಸ್ಸಿನವರು ಇಳಿದು ಓಡಿ ಬಂದರು. ಎಲ್ಲರೂ ಜೀವಂತ ಇದ್ದೇವೆಂದು ನೋಡಿದ ಮೇಲೆ ಕಂಡಕ್ಟರನಿಗೆ ಮಾತು ಬಂತು. "ಎಂತ ಮಾರಾಯ, ಮದುಮಗಳನ್ನು ಇಗರ್ಜಿಗೆ ಕರ್ಕೊಂಡು ಹೋಗುದಾ, ಗದ್ದೆ ಹೂಡಲಿಕ್ಕೆ ಹೊರಟದ್ದಾ?" ಹತ್ತು ಹದಿನೈದು ಜನ ಕಾರನ್ನು ಎತ್ತಿ ರಸ್ತೆಗಿಟ್ಟರು.

ಪಪ್ಪಾ ಮಳೆಯಲ್ಲೇ ನಿಂತು ಕೇಳಿದರು, "ರಸ್ತೆ ಬಿಟ್ಟು ಎಲ್ಲಿ ನೋಡಿದೆ ನೀನು?"

ಸಂಜೀವಣ್ಣ ನನ್ನ ಕಡೆ ತಿರುಗಲಿಲ್ಲ. "ತಪ್ಪಾಯ್ತು ಪೊರ್ಬುಲೆ" ಎಂದರು, ಅಷ್ಟೇ.

ನಾನು ಅಕ್ಕನ ಹಣೆಗೆ ಕರವಸ್ತ್ರ ಒತ್ತಿ ಹಿಡಿದಿದ್ದೆ. ಆಗ ಹೇಳಬಹುದಿತ್ತು. ಹೇಳಲಿಲ್ಲ. ಮದುವೆ ಮುಗಿಯಲಿ ಎಂದುಕೊಂಡೆ. ಮದುವೆ ತಡವಾಗಿ, ಚೆನ್ನಾಗಿಯೇ ಮುಗಿಯಿತು. ನೆಂಟರು ಹೋಗಲಿ ಎಂದುಕೊಂಡೆ. ನೆಂಟರೂ ಹೋದರು.

ಮುಂದಿನ ವಾರ ಪಪ್ಪಾ ಅವರನ್ನು ಕೆಲಸದಿಂದ ಬಿಡಿಸಿದರು. ಪಪ್ಪಾ ಕೆಟ್ಟವರಲ್ಲ, ಆದರೆ ಕಣ್ಣಾರೆ ಕಂಡದ್ದನ್ನು ಬಿಟ್ಟು ಬೇರೇನೂ ನಂಬುವವರಲ್ಲ. ಮುಂದೆ ಬೇರೆ ಕಡೆ ತೋರಿಸಲಿಕ್ಕೆ ಇರಲಿ ಎಂದು ಇಂಗ್ಲಿಷಿನಲ್ಲಿ ಒಂದು ಸರ್ಟಿಫಿಕೇಟ್ ಡಿಕ್ಟೇಟ್ ಮಾಡಿದರು. ಟೈಪ್ ಮಾಡಿದವಳು ನಾನು. ಪ್ರಾಮಾಣಿಕ, ಕುಡಿತವಿಲ್ಲ, ಸಮಯಕ್ಕೆ ಸರಿಯಾಗಿ ಬರುವವನು. ಕೊನೆಯ ಸಾಲು ಮಾತ್ರ, ದೃಷ್ಟಿ ಮೊದಲಿನಂತೆ ಇಲ್ಲದ ಕಾರಣ ಬಿಡಬೇಕಾಯಿತು ಎಂದು. ನನ್ನ ಬೆರಳುಗಳು ಎಲ್ಲಿಯೂ ತಪ್ಪದೆ ಆ ಸಾಲನ್ನು ಹೊಡೆದವು.

ಗೇಟಿನ ಹತ್ತಿರ ಕಾಗದವನ್ನು ಕೊಡುವಾಗ ಸಂಜೀವಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಎಂತ ಬರೆದಿದ್ದಾರೆ ಬಾಯಮ್ಮ?"

"ಒಳ್ಳೆಯದನ್ನೇ ಬರೆದಿದ್ದಾರೆ."

ಅವರು ತಲೆಯಾಡಿಸಿ ಹೋದರು. ಮೂರು ಹೆಣ್ಣು ಮಕ್ಕಳು ಅವರಿಗೆ. ಗೊತ್ತಿದ್ದ ಕೆಲಸ ಅದೊಂದೇ.

ಮಳೆಗಾಲ ಕಳೆಯಿತು. ಒಂದು ದಿನ ಮಣಿಪಾಲದ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಸೂಪರಿಂಟೆಂಡೆಂಟ್ ಮೇಡಂ ಹೇಳಿದರು, "ನಿಮ್ಮ ಹಳೆಯ ಡ್ರೈವರ್ ಡ್ರೈವಿಂಗ್ ಕೆಲಸ ಕೇಳಿಕೊಂಡು ನಮ್ಮ ಮನೆಗೆ ಬಂದಿದ್ದ ಮಾರಾಯ್ತಿ. ತನಗೆ ಕಣ್ಣು ಸರಿಯಿಲ್ಲ ಎಂದು ಬರೆದ ಕಾಗದವನ್ನು ತಾನೇ ತೋರಿಸುತ್ತಾನೆ. ನಮ್ಮ ಬೀದಿಯಲ್ಲಿ ನಾಲ್ಕು ಮನೆಗೆ ಹೋಗಿದ್ದಾನಂತೆ. ಪಾಪ, ಅದರಲ್ಲಿ ಎಂತ ಉಂಟೆಂದು ಅವನಿಗೆ ಗೊತ್ತಿಲ್ಲವೋ ಏನೋ."

ನಾನು ಬುತ್ತಿ ಮುಚ್ಚಿಟ್ಟೆ. ಆ ಸಂಜೆ ಪಪ್ಪಾನ ಎದುರು ನಿಂತು ಎಲ್ಲವನ್ನೂ ಹೇಳಿದೆ, ಬ್ಲೇಡಿನಿಂದ ಹಿಡಿದು ಗೇಟಿನವರೆಗೆ. ಪಪ್ಪಾ ಕನ್ನಡಕ ತೆಗೆದು ಒರೆಸಿದರು.

"ಬೇರೆ ಡ್ರೈವರ್ ಬಂದು ನಾಲ್ಕು ತಿಂಗಳಾಯಿತು. ಅವನನ್ನು ಈಗ ಯಾವ ಬಾಯಿಯಿಂದ ಹೋಗೆನ್ನಲಿ?" ಎಂದರು. ಆಮೇಲೆ, "ಪೇಪರ್ ಹಾಕು" ಎಂದರು. "ಆ ದಿನದ ತಪ್ಪು ಚಾಲಕನದಲ್ಲ, ನನ್ನ ಮನೆಯವರದು, ಇವನ ದೃಷ್ಟಿಯ ಬಗ್ಗೆ ನಾನು ಬರೆದದ್ದು ಸುಳ್ಳು" ಎಂದು ಡಿಕ್ಟೇಟ್ ಮಾಡಿದರು. ಸಹಿ ಹಾಕಿ ನನ್ನ ಕೈಗೆ ಕೊಟ್ಟು, "ಪೋಸ್ಟ್ ಮಾಡುವುದು ಬೇಡ. ನೀನೇ ಹೋಗು" ಎಂದರು.

ಶರ್ಮಿಳಾಳ ಕಾರಿನಿಂದ ಇಳಿದ ಮೇಲೆ ನನಗೆ ಅನಿಸಿದ್ದು ಇಷ್ಟೇ. ಆ ಕಾರು ಮಾಡಿದವರು ಬಹಳ ಕಲಿತವರು. ನನ್ನ ಹಾಗೇ ನೀಟ್ ಜನ. ಕೈಗೂ ಒಂದು ವಿದ್ಯೆ ಉಂಟು, ಅದಕ್ಕೆ ಹಿಡಿಯಲಿಕ್ಕೆ ಏನಾದರೂ ಬೇಕು ಎಂದು ಅವರಿಗೂ ಹೊಳೆದಿಲ್ಲ. ತಪ್ಪು ಮಾಡುವುದು ಅಷ್ಟು ಸುಲಭ. ಅದನ್ನು ಇನ್ನೊಬ್ಬರ ತಲೆಯ ಮೇಲಿಂದ ಇಳಿಸುವುದು ಅಷ್ಟು ಸುಲಭವಲ್ಲ. ನನಗೆ ಎಪ್ಪತ್ತು ದಾಟಿತು, ನನ್ನಿಂದ ಇನ್ನೂ ಅದು ಪೂರ್ತಿ ಆಗಿಲ್ಲ.

ಪಪ್ಪಾ ಆ ಕಾಗದ ಕೊಟ್ಟ ವಾರವೇ, ಭಾನುವಾರ, ಇಗರ್ಜಿಯ ಪೂಜೆ ಮುಗಿಸಿ ಕಾಪುವಿನ ಬಸ್ಸು ಹತ್ತಿದ್ದೆ. ಮನೆಯಲ್ಲಿ ಅವರ ಹೆಂಡತಿ ಮೊರದಲ್ಲಿ ಎಲೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. "ಕಡಲಿಗೆ ಹೋಗಿದ್ದಾರೆ, ಬಲೆ ಎಳೆಯಲಿಕ್ಕೆ" ಎಂದರು. ಕೂತುಕೊಳ್ಳಿ ಎನ್ನಲಿಲ್ಲ.

ತೀರದಲ್ಲಿ ನಲ್ವತ್ತು ಐವತ್ತು ಜನ ಹಗ್ಗಕ್ಕೆ ಸಾಲಾಗಿ ನಿಂತು ದೊಡ್ಡ ಬಲೆ ಎಳೆಯುತ್ತಿದ್ದರು. ಸಂಜೀವಣ್ಣ ಸಾಲಿನ ಕೊನೆಯಲ್ಲಿದ್ದರು. ನನ್ನನ್ನು ಕಂಡು ಹಗ್ಗ ಬಿಟ್ಟು ಬಂದರು. ಅಂಗೈ ಸುಲಿದಿತ್ತು. ನಾನು ಎಲ್ಲ ಹೇಳಿದೆ, ಮೊದಲ ಕಾಗದದಲ್ಲಿ ಏನಿತ್ತು ಎಂಬುದನ್ನೂ.

"ಗೊತ್ತುಂಟು" ಎಂದರು. "ಮೊದಲನೇ ಮನೆಯಲ್ಲೇ ಓದಿ ಹೇಳಿದರು."

"ಮತ್ತೆ ಯಾಕೆ ಎಲ್ಲರಿಗೂ ಅದನ್ನೇ ತೋರಿಸಿದಿರಿ?"

"ಹನ್ನೆರಡು ವರ್ಷ ಎಲ್ಲಿದ್ದೆ ಎಂದು ಕೇಳ್ತಾರಲ್ವಾ. ನನ್ನ ಹತ್ತಿರ ಬೇರೆ ಕಾಗದ ಎಂತದು ಉಂಟು?"

ನಾನು ಹೊಸ ಕಾಗದವನ್ನು ಮುಂದೆ ಹಿಡಿದೆ. "ಇದು ಸರಿಯಾಗಿದೆ ಸಂಜೀವಣ್ಣ, ನಾನೇ ಓದಿ ಹೇಳ್ತೇನೆ."

ಅವರು ಕೈ ಚಾಚಿ ಅದನ್ನು ತೆಗೆದುಕೊಂಡರು. ದೋಣಿಯ ನೆರಳಿನಲ್ಲಿ ಊರಿನ ಹಳೆಯ ಪೋಸ್ಟ್‌ಮ್ಯಾನ್ ಒಬ್ಬರು ಕೂತಿದ್ದರು, ಕನ್ನಡಕ ಹಾಕಿಕೊಂಡು. ಸಂಜೀವಣ್ಣ ಅಲ್ಲಿಗೆ ನಡೆದು, ಕಾಗದವನ್ನು ಅವರಿಗೆ ಕೊಟ್ಟು, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಪೋಸ್ಟ್‌ಮ್ಯಾನ್ ಒಂದೊಂದೇ ಶಬ್ದಕ್ಕೆ ಬೆರಳಿಟ್ಟು ಓದಿ ತುಳುವಿನಲ್ಲಿ ಹೇಳುತ್ತಾ ಹೋದರು. ಸಂಜೀವಣ್ಣ ತಲೆ ಬಗ್ಗಿಸಿ ಕೇಳುತ್ತಿದ್ದರು. ಒಂದು ಸಾಲನ್ನು ಎರಡನೇ ಸಲ ಓದಿಸಿದರು. ನಾನು ಹತ್ತು ಮಾರು ಆಚೆ, ಮರಳಿನಲ್ಲಿ, ಪೂಜೆಗೆಂದು ಹಾಕಿದ ಒಳ್ಳೆಯ ಚಪ್ಪಲಿಯಲ್ಲಿ ನಿಂತಿದ್ದೆ.

ಓದಿ ಮುಗಿದ ಮೇಲೆ ಅವರು ಅದನ್ನು ಸಣ್ಣಗೆ ಮಡಚಿ ತಲೆಗೆ ಸುತ್ತಿದ ಬಟ್ಟೆಯೊಳಗೆ ಇಟ್ಟರು. "ಬಸ್ಸಿಗೆ ಹೊತ್ತಾಯ್ತು ಬಾಯಮ್ಮ" ಎಂದರು, ಬೇಸರವಿಲ್ಲದ ದನಿಯಲ್ಲಿ. ಮತ್ತೆ ಸಾಲಿನ ಕೊನೆಗೆ ಹೋಗಿ ಹಗ್ಗ ಹಿಡಿದರು. ಬಲೆ ಇನ್ನೂ ದೂರವಿತ್ತು. ಅವರನ್ನು ನಾನು ನೋಡಿದ್ದು ಅದೇ ಕೊನೆ.